ಬಚ್ಚಲುಮನೆಯ ನೀಲಿ ಕಿಡಿ

ಇಲ್ಲಿ ಬರೆಯುವ ಕೆಲವು ವಿವರಗಳು ತಪ್ಪಿರಬಹುದು. ಚಿಂತಾಮಣಿ ಶೆಟ್ಟರ ಕಾರು ನನ್ನ ನೆನಪಿನಲ್ಲಿ ಕಪ್ಪು. ನನ್ನ ತಮ್ಮ ಮುರಳಿ ಅದು ಕಡುಹಸಿರಾಗಿತ್ತು ಎಂದು ಜಗಳಕ್ಕೇ ಬರುತ್ತಾನೆ. ಬಹಳ ವರ್ಷಗಳಿಂದ ದಿನಚರಿ ಬರೆಯುತ್ತಿರುವವಳು ನಾನು. ಹಳೆಯ ಪುಟಗಳನ್ನು ತಿರುವಿದಾಗೆಲ್ಲ, ನನಗೆ ನೆನಪಿರುವುದು ನಡೆದದ್ದಲ್ಲ, ನಡೆದದ್ದನ್ನು ನಾನು ಆಮೇಲೆ ನಾಲ್ಕು ಜನಕ್ಕೆ ಹೇಳಿದ ರೀತಿ ಎಂದು ಗೊತ್ತಾಗಿ ನಾಚಿಕೆಯಾಗುತ್ತದೆ. ಹೀಗಿರುವಾಗ ದಿನಚರಿ ಎಂಬ ಮಾತೇ ಕೇಳಿರದ ವಯಸ್ಸಿನ ಸಂಗತಿಗಳನ್ನು ನಾನೇ ಎಷ್ಟು ನಂಬಲಿ? ಆದರೆ ವಾಸನೆಯ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಶಿಡ್ಲಘಟ್ಟದಿಂದ ದಿಬ್ಬೂರಹಳ್ಳಿಗೆ ಹೋಗುವ ರಸ್ತೆಯಲ್ಲಿದ್ದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಪೆಟ್ರೋಲು ಮತ್ತು ಅರಗಿನ ವಾಸನೆ, ಹಿಂದಿನ ಕೋಣೆಯಲ್ಲಿ ಹಿಪ್ಪುನೇರಳೆ ಸೊಪ್ಪು ಮತ್ತು ರೇಷ್ಮೆ ಹುಳುವಿನ ವಾಸನೆ. ನಡುವೆ ಅಮ್ಮನ ಅಡುಗೆಮನೆ. ಮುಂದಿನ ವಾಸನೆ ಹಿಂದಕ್ಕೆ ಹೋಗಬಾರದು ಎನ್ನುವುದೊಂದೇ ನಮ್ಮ ಮನೆಯ ಕಾನೂನು. ಮಿಕ್ಕಿದ್ದೆಲ್ಲ ಆಗಾಗ ಮಾಡಿಕೊಂಡ ಹೊಂದಾಣಿಕೆ.

ಹಿಂದಿನ ಕೋಣೆ ಅಜ್ಜಿಯ ರಾಜ್ಯ. ಅದಕ್ಕೆ ಹುಳದ ಮನೆ ಎಂದೇ ಹೆಸರು. ಮೊಟ್ಟೆಯಿಂದ ಹುಳು ಹೊರಬಂದ ದಿನದಿಂದ ಅವು ಹಣ್ಣಾಗಿ ಚಂದ್ರಿಕೆ ಎಂಬ ಬಿದಿರ ತಟ್ಟಿ ಏರಿ ಗೂಡು ಕಟ್ಟುವವರೆಗೆ ಆ ಬಾಗಿಲಲ್ಲಿ ಕಾಲು ತೊಳೆಯದೆ ಯಾರೂ ದಾಟುವಂತಿರಲಿಲ್ಲ. ಮುಖಕ್ಕೆ ಪೌಡರು ಹಚ್ಚಿಕೊಂಡ ನೆಂಟರಿಗೆ ಜಗುಲಿಯೇ ಗತಿ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವಾಗ ಅಮ್ಮ ಮೊದಲು ಆ ಬಾಗಿಲು ಎಳೆದುಕೊಳ್ಳಬೇಕು. ಸೀಮೆಎಣ್ಣೆ ದೀಪವಂತೂ ಆ ಕಡೆಗೆ ಸುಳಿಯುವಂತಿಲ್ಲ. ಚಳಿಗಾಲದಲ್ಲಿ ಅಜ್ಜಿ ಮೂಲೆಯಲ್ಲಿ ಇದ್ದಿಲ ಕುಂಪಟೆ ಇಟ್ಟು, ಗೋಡೆಗೆ ಒದ್ದೆ ಗೋಣಿತಾಟು ಇಳಿಬಿಟ್ಟು, ಹುಳುಗಳಿಗೆ ಬೆಚ್ಚಗೂ ತೇವವೂ ಆಗಿರುವ ಒಂದು ಹವೆಯನ್ನು ಸಾಕುತ್ತಿದ್ದಳು. ಬಾಣಂತಿ ಕೋಣೆಗೆ ಹೋದಂತಾಗುತ್ತಿತ್ತು ಒಳಗೆ ಹೋದರೆ. ರಾಶಿ ಹುಳುಗಳು ಒಟ್ಟಿಗೆ ಸೊಪ್ಪು ಮೇಯುವ ಸದ್ದು ಸೋನೆ ಮಳೆಯಂತೆ ಕೇಳುತ್ತಿತ್ತು.

ಮುಂದಿನ ಕೋಣೆ ಅಪ್ಪನದು. ಅಪ್ಪ ಚಿಕ್ಕಬಳ್ಳಾಪುರದ ಒಂದು ಬಸ್ ವರ್ಕ್‌ಶಾಪಿನಲ್ಲಿ ಕೆಲಸ ಕಲಿತವನು. ಬಸ್ಸುಗಳೆಲ್ಲ ಡೀಸೆಲ್ಲಿಗೆ ತಿರುಗಿದ ಮೇಲೆ ಅಲ್ಲಿ ಕಿಡಿಯ ಕೆಲಸ ಯಾರಿಗೂ ಬೇಡವಾಯಿತು. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಅಪ್ಪನಿಗೆ ಮಾತ್ರ ಕಿಡಿಯೇ ಬೇಕಿತ್ತು. ಸುತ್ತಲಿನ ಊರುಗಳ ಸಾಹುಕಾರರ ಕೊಟ್ಟಿಗೆಗಳಲ್ಲಿ ಇನ್ನೂ ಉಳಿದಿದ್ದ ಮುತ್ತಾತನ ಕಾಲದ ಕಾರುಗಳ ಮ್ಯಾಗ್ನೆಟೊಗಳನ್ನು ತಂದು ಮನೆಯಲ್ಲೇ ರಿಪೇರಿ ಮಾಡತೊಡಗಿದ. ಬ್ಯಾಟರಿಯನ್ನು ನೆಚ್ಚದ ಆ ಕಾರುಗಳಲ್ಲಿ ಕಿಡಿ ಹುಟ್ಟಿಸುತ್ತಿದ್ದದ್ದು ಇದೇ ಪೆಟ್ಟಿಗೆ. ಕುದುರೆ ಲಾಳದಂಥ ಅಯಸ್ಕಾಂತ, ಅದರ ಬಾಯೊಳಗೆ ತಿರುಗುವ ತಾಮ್ರದ ತಂತಿಯ ಸುರುಳಿ. ಆ ಸುರುಳಿಗೆ ಎಲ್ಲರೂ ಕಾಯಿಲ್ ಎನ್ನುತ್ತಿದ್ದರು. ಅದು ತಿರುಗಿದರೆ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ, ಪೆಟ್ರೋಲು ಹೊತ್ತಿಕೊಳ್ಳುತ್ತದೆ, ಕಾರು ಓಡುತ್ತದೆ. ಶಾಲೆಯಲ್ಲಿ ವಿದ್ಯುತ್ತಿನ ಪಾಠ ಬರುವುದಕ್ಕೆ ಬಹಳ ಮೊದಲೇ ಇದು ನನಗೆ ಮಗ್ಗಿಯಂತೆ ಬಾಯಿಗೆ ಬಂದಿತ್ತು.

ಜಗಳ ಶುರುವಾದದ್ದು ಅವರೆಕಾಯಿ ಕಾಲದಲ್ಲಿ. ಅದು ಖಚಿತ, ಏಕೆಂದರೆ ಹಿತಕಿದ ಬೇಳೆ ಸಾರಿನ ಮುಂದೆಯೇ ಅಜ್ಜಿ ಮಾತು ತೆಗೆದಳು. ಆ ವರ್ಷ ನಮ್ಮ ತೋಟದ ಬಾವಿಯಲ್ಲಿ ನೀರು ಚೆನ್ನಾಗಿತ್ತು. ಅಜ್ಜಿ ಇನ್ನಷ್ಟು ಹಿಪ್ಪುನೇರಳೆ ಹಾಕಿಸಿದ್ದಳು. ಅವಳ ಹುಟ್ಟೂರು ಆಂಧ್ರದ ಗಡಿಯಲ್ಲಿದ್ದುದರಿಂದ ಪ್ರೀತಿ ಬಂದರೂ ಸಿಟ್ಟು ಬಂದರೂ ಮಗನನ್ನು ನಾಯನಾ ಎಂದೇ ಕರೆಯುತ್ತಿದ್ದಳು.

"ಈ ಬೆಳೆ ಗೂಡಾಗ್ಲಿ ನಾಯನಾ. ಆಮೇಲೆ ನಿನ್ನ ಸಾಮಾನೆಲ್ಲ ಎತ್ತು. ಮುಂದಿನ ಕೋಣೇಲೂ ತಟ್ಟೆ ಜೋಡಿಸ್ಬೇಕು. ಸೊಪ್ಪು ಎರಡರಷ್ಟು ಬರ್ತೈತೆ. ಹುಳ ಎಲ್ಲಿಡ್ಲಿ, ನನ್ನ ತಲೆ ಮೇಲಾ?"

"ನಾನೆಲ್ಲಿ ಕೂತ್ಕೊಳ್ಲಿ ಅಮ್ಮ?"

"ನಿಮ್ಮ ಭಾವ ಚಿಕ್ಕಬಳ್ಳಾಪುರಕ್ಕೆ ಕರೀತಾನೇ ಅವ್ನಲ್ಲ. ಹೋಗು. ಓಡೋ ಬಸ್ಸಿನ ಕೆಲ್ಸ ಮಾಡು. ನಿಂತೋಗಿರೋ ಕಾರುಗಳ್ನ ಇನ್ನೆಷ್ಟು ದಿನ ಮುದ್ದಾಡ್ತೀಯ?"

"ಅವು ನಿಂತೋಗಿಲ್ಲ. ಬಿಸಿ ಆದಾಗ ನಿಲ್ತವೆ, ಅಷ್ಟೇ."

"ನಾನೂ ಅದ್ನೇ ಹೇಳ್ತಿರೋದು," ಎಂದು ಅಜ್ಜಿ ಮುದ್ದೆ ಮುರಿದಳು. ಅಮ್ಮ ನಗು ತಡೆಯಲಾರದೆ ಒಲೆಯ ಕಡೆ ತಿರುಗಿಕೊಂಡಳು.

ಅಜ್ಜಿಯ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ. ಆಗ ನನಗೆ ಅವಳು ಅಪ್ಪನ ಶತ್ರುವಿನಂತೆ ಕಂಡಿದ್ದಳು. ಈಗ ಲೆಕ್ಕ ಹಾಕಿದರೆ ಆ ಮನೆಯನ್ನು ಸಾಕುತ್ತಿದ್ದದ್ದು ಹಿಂದಿನ ಕೋಣೆಯೇ. ಅಪ್ಪನಿಗೂ ಅದು ಗೊತ್ತಿತ್ತು, ಅದಕ್ಕೇ ಅವನು ವಾದ ಮಾಡಲಿಲ್ಲ, ಪಂಥ ಕಟ್ಟಿದ. ಚಿಂತಾಮಣಿಯ ಕಡಲೆಕಾಯಿ ಮಂಡಿ ಶೆಟ್ಟರು ಅದೇ ವಾರ ತಮ್ಮ ಹಳೇ ಕಾರಿನ ದುಃಖ ಹೇಳಿಕೊಂಡು ನಮ್ಮ ಜಗುಲಿಯಲ್ಲಿ ಕೂತಿದ್ದರು.

"ನಮ್ಮಮ್ಮ ಮದುವೆಯಾಗಿ ಬಂದಿದ್ದೇ ಈ ಕಾರಲ್ಲಿ ನಾಗಣ್ಣ. ಇನ್ನೊಂದ್ಸಲ ಇದ್ರಲ್ಲೇ ನಂದಿ ಬೆಟ್ಟಕ್ಕೆ ಹೋಗ್ಬೇಕಂತೆ. ಹೊಸ ಕಾರು ತರಿಸ್ತೀನಿ ಅಂದ್ರೆ, ಅದ್ರಲ್ಲಿ ನೀನೇ ಹೋಗು ಅಂತಾರೆ. ಕೈವಾರಕ್ಕೆ ಹೋಗಿ ಬರುತ್ತೆ, ಏನೂ ತೊಂದ್ರೆ ಇಲ್ಲ. ಬೆಟ್ಟದಲ್ಲಿ ಮಾತ್ರ ಆ ಬಂಡೆ ತಿರುವು ಬಂತು ಅಂದ್ರೆ ಕೆಮ್ಮುತ್ತೆ, ನಿಲ್ಲುತ್ತೆ. ತಣ್ಣಗಾದ್ಮೇಲೆ ಏನೂ ಆಗೇ ಇಲ್ಲ ಅನ್ನೋ ಹಂಗೆ ಸ್ಟಾರ್ಟಾಗುತ್ತೆ. ಅಷ್ಟು ಹೊತ್ತಿಗೆ ನಮ್ಮಮ್ಮನಿಗೆ ಸಾಕಾಗಿ, ತಿರುಗ್ಸೋ ಅಂತಾರೆ."

ಶೆಟ್ಟರು ಹೋದ ಮೇಲೆ ಅಪ್ಪ ಹುಳದ ಮನೆಯ ಬಾಗಿಲಲ್ಲಿ, ಹೊಸ್ತಿಲಿನ ಈಚೆಗೇ ನಿಂತು ಹೇಳಿದ:

"ಅಮ್ಮ, ಆ ಕಾರು ನಿಲ್ಲದೆ ಬೆಟ್ಟ ಹತ್ತಿದ್ರೆ ಕೋಣೆ ನನಗೆ. ನಿಂತ್ರೆ ನಿನ್ನ ಹುಳಕ್ಕೆ. ನಾನೇ ತಟ್ಟೆ ಜೋಡಿಸಿಕೊಟ್ಟು ಚಿಕ್ಕಬಳ್ಳಾಪುರದ ಬಸ್ಸು ಹತ್ತುತೀನಿ."

"ಆ ಕಾರಲ್ಲಿ ನಾನೂ ಕೂತ್ಕೊಂಡು ನೋಡ್ತೀನಿ," ಎಂದಳು ಅಜ್ಜಿ ಒಳಗಿನಿಂದ. "ನೀನು ಬಂದು ಹೇಳೋದು ನಂಬಲ್ಲ. ಮೊದ್ಲು ಆ ಕೈ ತೊಳ್ಕೊ, ಇಲ್ಲಿಗೇ ಹೊಡೀತೈತೆ ವಾಸ್ನೆ."

ಹೀಗೆ ನಮ್ಮ ಮನೆಯ ಒಂದು ಕೋಣೆಯ ಹಣೆಬರಹ ನಂದಿ ಬೆಟ್ಟದ ಒಂದು ತಿರುವಿಗೆ ಗಂಟುಬಿತ್ತು. ಶೆಟ್ಟರ ಮ್ಯಾಗ್ನೆಟೊ ಮೇಜಿನ ಮೇಲೆ ಕೈಯಲ್ಲಿ ತಿರುಗಿಸಿದರೆ ಎರಡು ಸೂಜಿಗಳ ನಡುವೆ ಸೊಗಸಾದ ಕಿಡಿ ಹಾರಿಸುತ್ತಿತ್ತು. ಬೇರೆ ಮೆಕ್ಯಾನಿಕ್‌ಗಳೆಲ್ಲ ಅದನ್ನು ನೋಡಿ, ಮ್ಯಾಗ್ನೆಟೊ ಚೆನ್ನಾಗಿದೆ, ಪೆಟ್ರೋಲ್ ಪೈಪು ನೋಡಿಸಿ ಎಂದು ವಾಪಸು ಕಳಿಸಿದ್ದರು. ತಣ್ಣಗಿರುವಾಗ ಯಾರು ತಾನೇ ಚೆನ್ನಾಗಿರುವುದಿಲ್ಲ ಎಂದ ಅಪ್ಪ. ಅದನ್ನು ಬೆಟ್ಟದಷ್ಟು ಬಿಸಿ ಮಾಡಿ ನೋಡಬೇಕು. ಮನೆಯಲ್ಲಿ ಸಮನಾದ ಬಿಸಿ ಸಿಗುವ ಜಾಗ ಒಂದೇ, ಬಚ್ಚಲೊಲೆ. ಒಂದು ಹಿತ್ತಾಳೆ ತಪ್ಪಲೆಗೆ ಮರಳು ತುಂಬಿ, ಅದರೊಳಗೆ ಕಾಯಿಲ್ ಹೂತು, ಹಂಡೆ ಇಳಿಸಿ ಆ ಜಾಗದಲ್ಲಿ ತಪ್ಪಲೆ ಕೂರಿಸಿದ. ತಂತಿಗಳನ್ನು ಹೊರಗೆಳೆದು ಗೋಡೆಯ ಗೂಡಿನಲ್ಲಿ ಸೂಜಿಗಳನ್ನಿಟ್ಟ. ಬ್ಯಾಟರಿಯಿಂದ ಕಾಯಿಲ್‌ಗೆ ತಟ್ಟಿ ತಟ್ಟಿ ಕರೆಂಟು ಕೊಡುವುದು ಅವನ ಕೆಲಸ. ಬಾಗಿಲು ಹಾಕಿದ ಕತ್ತಲಲ್ಲಿ ಕಿಡಿಯ ಬಣ್ಣ ಕೂಗುವುದು ನಮ್ಮ ಕೆಲಸ. ಎಣ್ಣೆ ನೀರಿನ ಸ್ನಾನಕ್ಕೆ ಕಾದಿದ್ದ ಅಜ್ಜಿ ಹೊರಗಿನಿಂದ, "ನಾನು ಸ್ನಾನ ಮಾಡ್ಬೇಕೋ, ಇಲ್ಲ ಆ ಮ್ಯಾಗ್ನೆಟೊಗೇ ಸೀಗೆಕಾಯಿ ಹಾಕ್ತೀಯೋ?" ಎಂದು ಕೂಗುತ್ತಿದ್ದಳು.

ಮೊದಲು ಬಣ್ಣ ಕೂಗುವ ಕೆಲಸ ಮುರಳಿಯದಾಗಿತ್ತು. ನೀಲಿ, ನೀಲಿ, ನೀಲಿ ಎಂದು ಅವನು ಹಾಡಿನಂತೆ ಹೇಳುತ್ತಲೇ ಹೋದ. ಅಪ್ಪ ಕೈ ನಿಲ್ಲಿಸಿದ.

"ಮುರಳಿ, ಈಗ ನೀಲೀನಾ?"

"ನೀಲಿ ಅಪ್ಪ."

"ಈಗ ಕಿಡೀನೇ ಇಲ್ವಲ್ಲೋ. ನಾನು ಕೈ ತೆಗೆದು ಎಷ್ಟೊತ್ತಾಯ್ತು."

ಅಪ್ಪ ಬೈಯಲಿಲ್ಲ, ಜೋರಾಗಿ ನಕ್ಕ. ಆಮೇಲೆ ನನ್ನನ್ನು ಮುಂದಕ್ಕೆ ಕರೆದು, "ಚಿನ್ನಮ್ಮ, ನೀನು ನೋಡು. ನಂಗೆ ಬೇಕಾಗಿರೋ ಬಣ್ಣ ಹೇಳ್ಬೇಡ, ನಿಂಗೆ ಕಂಡಿದ್ದು ಹೇಳು," ಎಂದ. ನಾನು ನೋಡಿದೆ. ಮೊದಲು ನೀಲಿ, ಟಪ್ ಟಪ್ ಎಂದು ಸಿಡಿಯುವ ನೀಲಿ. ಮರಳು ಕಾಯುತ್ತಾ ಬಂದಂತೆ ಅದು ಬಡಕಲಾಯಿತು, ಅಂಚು ಕೆಂಪಾಯಿತು, ಆಮೇಲೆ ಹೋಯಿತು. ಕೆಂಪು ಎಂದೆ. ಹೋಯ್ತು ಎಂದೆ. ಮನೆಯಲ್ಲಿ ಕೆಟ್ಟ ಸುದ್ದಿ ಹೇಳಿ ಶಭಾಷ್ ಅನ್ನಿಸಿಕೊಂಡದ್ದು ಅದೇ ಮೊದಲು. ಆ ಕತ್ತಲಿನಲ್ಲಿ ನಿಂತು ಕಲಿತದ್ದಕ್ಕಿಂತ ಹೆಚ್ಚಿನದನ್ನು ವಿಶ್ವವಿದ್ಯಾಲಯದಲ್ಲಿ ನನಗೆ ಯಾರೂ ಕಲಿಸಲಿಲ್ಲ ಎಂದು ಹೇಳಿದರೆ ಅದು ಉತ್ಪ್ರೇಕ್ಷೆಯಾದೀತು, ಆದರೆ ಸಣ್ಣ ಉತ್ಪ್ರೇಕ್ಷೆ.

ದೋಷ ಸಿಕ್ಕಿತು. ಕಾಯಿಲ್‌ನಲ್ಲಿ ತಾಮ್ರದ ಒಂದು ಪದರಕ್ಕೂ ಇನ್ನೊಂದಕ್ಕೂ ನಡುವೆ ಇದ್ದ ಹಳೇ ಬಟ್ಟೆ, ಮೇಣ ಎಲ್ಲ ಬೂದಿಗೆ ಸಮನಾಗಿತ್ತು. ಬಿಸಿಯಾದರೆ ವಿದ್ಯುತ್ತು ಪ್ಲಗ್ಗಿಗೆ ಹೋಗುವ ಬದಲು ಒಳಗೊಳಗೇ ಹಾರಿಬಿಡುತ್ತಿತ್ತು. ಹೊಸದಾಗಿ ಸುತ್ತಬೇಕು, ಪದರಗಳ ನಡುವೆ ಗಟ್ಟಿಯಾದದ್ದೇನಾದರೂ ಬೇಕು. ನಮ್ಮ ಮನೆಯಲ್ಲಿ ಕೈಗೆ ಸಿಗುವಷ್ಟು ದೂರದಲ್ಲಿ ಇದ್ದದ್ದು ರೇಷ್ಮೆ. ಎರಡು ಹುಳು ಸೇರಿ ಕಟ್ಟಿದ, ಮಾರುಕಟ್ಟೆಗೆ ಹೋಗದ ಜೋಡಿಗೂಡುಗಳಿಂದ ಅಮ್ಮ ಮನೆಬಳಕೆಗೆ ನೂಲು ತೆಗೆಯುತ್ತಿದ್ದಳು. ಆ ಚರಕವೇ ಕಾಯಿಲ್ ಸುತ್ತುವ ಯಂತ್ರವಾಯಿತು. ಅಮ್ಮ ಒಂದು ಕೈಯಲ್ಲಿ ಚರಕ ತಿರುಗಿಸುತ್ತಾ, ಇನ್ನೊಂದು ಕೈಯ ಬೆರಳ ಸಂದಿಯಿಂದ ರೇಷ್ಮೆ ಬಿಡುವಳು. ಅಪ್ಪ ಕೂದಲೆಳೆಯಂಥ ತಂತಿಯನ್ನು ಉಸಿರು ಬಿಗಿಹಿಡಿದು ಪಕ್ಕಪಕ್ಕಕ್ಕೆ ಕೂರಿಸುವನು. ಒಂದು ಪದರ ತಾಮ್ರ, ಮೇಲೊಂದು ಪದರ ರೇಷ್ಮೆ, ಮತ್ತೆ ತಾಮ್ರ. ಅಂಟು ಬಿಡಿಸದ ಹಸಿ ರೇಷ್ಮೆ ಬಿರುಸಾಗಿರುತ್ತದೆ. ಅಮ್ಮನ ಬೆರಳು ಕೊಯ್ದು ಗೆರೆ ಬಿದ್ದಿತ್ತು.

"ನಿಧಾನ ಕಣೇ, ಸೀರೆ ನೇಯ್ತಿಲ್ಲ ನಾವು."

"ಸೀರೆ ನೇಯ್ದಿದ್ರೆ ಇಷ್ಟೊತ್ತಿಗೆ ಉಟ್ಕೊಂಡೂ ಆಗ್ತಿತ್ತು," ಎಂದಳು ಅಮ್ಮ.

ಸುತ್ತಿದ ಕಾಯಿಲ್ಲನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನಲ್ಲಿ ಅದ್ದಬೇಕು. ಹುಳುಗಳು ಮೂರನೇ ಜ್ವರಕ್ಕೆ ಕೂತಿದ್ದವು, ಅಂದರೆ ಮೇವು ಬಿಟ್ಟು ಪೊರೆ ಕಳಚಲು ಕಾದಿದ್ದವು. ಸ್ಪಿರಿಟ್ಟಿನ ಬಿರಡೆ ತೆಗೆಯಲು ಅಪ್ಪ ತೋಟದ ಬಾವಿಯ ಹತ್ತಿರ ಹೋದ. ವಾಸನೆ ಪೂರ್ತಿ ಹಾರಿಹೋದ ಮೇಲೆ ತಂದು, ಇನ್ನು ಇದನ್ನು ಬೆಚ್ಚಗೆ ಒಣಗಿಸುವುದೆಲ್ಲಿ ಎಂದು ಮನೆ ತುಂಬ ತಿರುಗಿದ. ಆಗ ಅಜ್ಜಿ ಕೈ ಚಾಚಿದಳು. ಕಾಯಿಲ್ಲನ್ನು ಮೂಗಿನ ಹತ್ತಿರ ಹಿಡಿದು, ತಿರುಗಿಸಿ ತಿರುಗಿಸಿ ಮೂಸಿ ನೋಡಿ, "ಕೊಡು, ಹುಳದ ಮನೇಲಿ ಇಡ್ತೀನಿ. ಅಷ್ಟು ಹದವಾದ ಬಿಸಿ ನಿಂಗೆ ಇನ್ನೆಲ್ಲಿ ಸಿಗುತ್ತೆ," ಎಂದಳು. ಅಪ್ಪನ ಒಂದು ವಸ್ತು ಆ ಹೊಸ್ತಿಲು ದಾಟಿದ್ದು ನನಗೆ ತಿಳಿದಂತೆ ಅದೊಂದೇ ಸಲ. ಅಪ್ಪನಿಗೆ ಎಷ್ಟು ಸಂತೋಷವಾಯಿತೆಂದರೆ, ಹುಳದ ಮನೆಯ ಬಿಸಿಯಲ್ಲಿ ಅರ್ಧ ನೀರಿರುತ್ತದೆ ಎನ್ನುವುದನ್ನು ಅವನು ಮರೆತೇಬಿಟ್ಟ. ಹುಳುವಿಗೆ ಅಮೃತವಾದ ಆ ತೇವವನ್ನು ಹಸಿ ರೇಷ್ಮೆ ಹೀರಿಕೊಂಡು ಕೂತಿತು. ಮೇಲೆ ಅರಗು ಸಿಪ್ಪೆಯಂತೆ ಬಿಗಿದುಕೊಂಡಿತು.

ಬಚ್ಚಲಿನಲ್ಲಿ ನಾನು ನೀಲಿ ಎಂದೆ. ಸ್ವಲ್ಪ ಹೊತ್ತಿಗೇ ಕೆಂಪು ಎಂದೆ. ಆಮೇಲೆ, ಹೋಯ್ತು ಅಪ್ಪ ಎಂದೆ.

ಆ ದಿನ ಊಟಕ್ಕೆ ಕೂತಾಗ ಅಜ್ಜಿ ಏನಾಯಿತೆಂದು ಕೇಳಿದಳು. ತಂತಿ ಸರಿಯಿರಲಿಲ್ಲ ಎಂದ ಅಪ್ಪ. ಅಜ್ಜಿಯ ಕೋಣೆಯ ಮೇಲೆ ತಪ್ಪು ಹೊರಿಸಲು ಅವನಿಗೆ ಮನಸ್ಸಾಗಲಿಲ್ಲ. ಅಮ್ಮನಿಗೆ ಮಾತ್ರ ಅಡುಗೆಮನೆಯಲ್ಲಿ ನಿಜ ಹೇಳಿದ. ಒಂದೋ ಒಣಗಿಸಿದ ಜಾಗದ ತೇವ, ಇಲ್ಲವೇ ರೇಷ್ಮೆಯ ಅಂಟು, ಎರಡರಲ್ಲೊಂದು ಕಾರಣ. ಬೆಂಗಳೂರಿನಿಂದ ತಂದ ತಂತಿ ಇನ್ನೊಂದು ಕಾಯಿಲ್ಲಿಗೆ ಮಾತ್ರ ಉಳಿದಿತ್ತು. ಎರಡನ್ನೂ ಬದಲಾಯಿಸಿಬಿಡಿ ಎಂದು ಅಮ್ಮ ಹೇಳಿದ್ದು ನನಗೆ ಕೇಳಿಸಿತು.

"ಒಂದ್ಸಲಕ್ಕೆ ಒಂದೇ ಬದಲಾಯಿಸ್ಬೇಕು. ಎರಡು ಬದಲಾಯಿಸಿದ್ರೆ, ಸರಿಯಾದ್ರೂ ಯಾವುದ್ರಿಂದ ಆಯ್ತು ಅಂತ ಗೊತ್ತಾಗಲ್ಲ."

"ಗೊತ್ತಾಗದಿದ್ರೆ ಏನೀಗ? ಕೋಣೆ ಉಳಿಯುತ್ತಲ್ಲ."

"ಗೊತ್ತಾಗದಿದ್ರೆ ಆ ಕೋಣೇಲಿ ಕೂತು ಏನ್ಮಾಡ್ಲಿ?"

ಅಪ್ಪ ಬದಲಾಯಿಸಿದ್ದು ಒಣಗಿಸುವ ಜಾಗವನ್ನು. ಬಸ್ ನಿಲ್ದಾಣದ ಹತ್ತಿರ ಬೇಕರಿ ಇಟ್ಟಿದ್ದ ಸಾಬರನ್ನು ನಾವು ಮಕ್ಕಳು ಮಾಮು ಎನ್ನುತ್ತಿದ್ದೆವು. ಬ್ರೆಡ್ಡು ತೆಗೆದ ಮೇಲೆ ಆರುತ್ತಾ ಬರುವ ಗೂಡೊಲೆಯಲ್ಲಿ ಅವರು ರಸ್ಕ್ ಒಣಗಿಸುತ್ತಿದ್ದರು. ಹನಿ ತೇವವಿಲ್ಲದ ಬಿಸಿ. ಅಪ್ಪ ಎರಡನೇ ಕಾಯಿಲ್ಲನ್ನು ಒಯ್ದಾಗ ನಾನೂ ಜೊತೆಗಿದ್ದೆ.

"ಅರೆ ನಾಗಣ್ಣ, ಇದನ್ನ ತಿಂತಾರಾ?" ಎಂದರು ಮಾಮು.

"ಕಾರು ತಿನ್ನುತ್ತೆ."

"ಹಂಗಾದ್ರೆ ಕರುಂ ಕುರುಂ ಅನ್ನೋ ಹಂಗೆ ಮಾಡಿಕೊಡ್ತೀನಿ."

ಅದು ಮನೆಗೆ ಬಂದಾಗ ರಸ್ಕಿನ ವಾಸನೆ ಹೊಡೆಯುತ್ತಿತ್ತು. ಬಚ್ಚಲಲ್ಲಿ ಮರಳು ಕಾದಿತು. ನಾನು ನೀಲಿ ಎಂದೆ. ಅಪ್ಪ ಸೌದೆ ಒಟ್ಟಿದ. ನೀಲಿ. ನನ್ನ ಕುತ್ತಿಗೆಯಿಂದ ಬೆವರಿಳಿಯುತ್ತಿತ್ತು. ಇನ್ನೂ ನೀಲಿ, ಅಂಚಿನಲ್ಲಿ ಒಂದಿಷ್ಟೂ ಕೆಂಪಿಲ್ಲ. ನಾನು ಮುರಳಿಯಂತೆ ಆಸೆಗೆ ಹೇಳುತ್ತಿದ್ದೇನೋ ಎಂದು ಅಪ್ಪ ಬ್ಯಾಟರಿಯ ತಂತಿ ತಟ್ಟುವುದನ್ನು ನನ್ನ ಕೈಗೆ ಕೊಟ್ಟು, ಎದ್ದು ಬಂದು ತಾನೇ ಬಗ್ಗಿ ನೋಡಿದ. ಕಿಡಿಯ ಬೆಳಕಿನಲ್ಲಿ ಅವನ ಮುಖ ಕಾಣಿಸಿ ಮಾಯವಾಗುತ್ತಿತ್ತು, ಕಾಣಿಸಿ ಮಾಯವಾಗುತ್ತಿತ್ತು.

ಬೆಟ್ಟದ ದಿನ ಆ ಕಾರಿನಲ್ಲಿ ನಾನಿದ್ದೆನೆ? ಇದ್ದೆ ಎನ್ನುತ್ತದೆ ನನ್ನ ಮೈ. ಮುಖಕ್ಕೆ ಹೊಡೆದ ಗಾಳಿ, ಕಾಲಿನಡಿ ನಡುಗುವ ಹಲಗೆ, ಎಲ್ಲ ಸ್ಪಷ್ಟ. ಮುರಳಿಯ ಪ್ರಕಾರ ನಮ್ಮಿಬ್ಬರನ್ನೂ ಮುದ್ದೇನಹಳ್ಳಿಯ ಚಿಕ್ಕಮ್ಮನ ಮನೆಯಲ್ಲಿ ಇಳಿಸಿ ಹೋಗಿದ್ದರು, ನಾವು ಕಾರು ಹೋದ ದಿಕ್ಕಿಗೇ ನೋಡುತ್ತಾ ಕಾದಿದ್ದೆವು. ಅವನು ಹೇಳುವುದೇ ನಿಜವಿರಬೇಕು. ಆ ಗಾಳಿಯನ್ನು ನಾನು ಮುಂದೆ ಯಾವುದೋ ಬಸ್ಸಿನ ಕಿಟಕಿಯಿಂದ ತಂದು ಇಲ್ಲಿ ಸೇರಿಸಿರಬೇಕು. ಆದರೆ ನಡೆದದ್ದರ ಬಗ್ಗೆ ಎಲ್ಲರದೂ ಒಂದೇ ಮಾತು. ಹಿಂದಿನ ಸೀಟಿನಲ್ಲಿ ಶೆಟ್ಟರ ತಾಯಿ ಮತ್ತು ನಮ್ಮ ಅಜ್ಜಿ. ಇಬ್ಬರಿಗೂ ತೆಲುಗು, ಇಬ್ಬರಿಗೂ ಸೊಸೆಯಂದಿರು. ಮಾತು ಶುರುವಾದದ್ದು ನಿಲ್ಲಲೇ ಇಲ್ಲ. ಮುಂದೆ ಕೂತಿದ್ದ ಅಪ್ಪ ಮತ್ತು ಶೆಟ್ಟರು ಬಂಡೆಯ ತಿರುವು ಬಂದಾಗ ಬಾನೆಟ್ಟನ್ನೇ ನೋಡುತ್ತಿದ್ದರಂತೆ. ತಿರುವು ಕಳೆದು, ಇನ್ನೂ ಎರಡು ತಿರುವು ಕಳೆದು, ಮೇಲಿನ ಕೋಟೆ ಬಾಗಿಲು ಕಾಣಿಸಿದಾಗ ಅಜ್ಜಿ ಮಾತು ನಿಲ್ಲಿಸಿ ಮುಂದಕ್ಕೆ ಬಗ್ಗಿದಳು.

"ನಾಯನಾ, ಎಲ್ಲಿ ನಿಲ್ಬೇಕಾಗಿತ್ತಂತೆ ಇದು?"

"ಆಗ್ಲೇ ದಾಟಾಯ್ತಮ್ಮ."

"ಹೌದಾ," ಎಂದಳಂತೆ ಅಜ್ಜಿ. ಮತ್ತೆ ಶೆಟ್ಟರ ತಾಯಿಯ ಕಡೆ ತಿರುಗಿ ಬಿಟ್ಟಲ್ಲಿಂದ ಮುಂದುವರಿಸಿದಳಂತೆ.

ಕೋಣೆ ಉಳಿಯಿತು. ಅಜ್ಜಿ ತೋಟದ ಅಂಚಿನಲ್ಲಿ ಇನ್ನೊಂದು ಹುಳದ ಮನೆ ಎಬ್ಬಿಸಿದಳು. ಶೆಟ್ಟರ ಬಾಯಿಂದ ಬಾಯಿಗೆ ಸುದ್ದಿ ಹೋಗಿ ಗೌರಿಬಿದನೂರಿನಾಚೆಯಿಂದಲೂ ಮ್ಯಾಗ್ನೆಟೊಗಳು ಗೋಣಿಚೀಲದಲ್ಲಿ ಬಂದವು. ಅಪ್ಪ ಒಂದನ್ನೂ ಬಚ್ಚಲೊಲೆಯಲ್ಲಿ ಕಾಯಿಸದೆ ವಾಪಸು ಕೊಟ್ಟವನಲ್ಲ. ಕೊನೆಯವರೆಗೂ ಆ ಕಥೆಯನ್ನು ಅವನು ಒಂದೇ ಥರ ಹೇಳಿದ: ರೇಷ್ಮೆ ಅದೇ, ತಂತಿ ಅದೇ, ಅರಗು ಅದೇ, ಬದಲಾಯಿಸಿದ್ದು ಬೇಕರಿಯ ಶಾಖ ಒಂದೇ.

ಅಪ್ಪ ಹೋಗಿ ಬಹಳ ಕಾಲದ ಮೇಲೆ, ಹಳೇ ಕಾರುಗಳನ್ನು ಸಾಕುವವರೊಬ್ಬರು ಶೆಟ್ಟರ ಕಾರನ್ನು ಕೊಂಡು, ಅದರ ಕಾಯಿಲ್ಲನ್ನು ನೆನಪಿಗೆಂದು ನಮಗೆ ಕೊಟ್ಟರು. ಕೆಟ್ಟುಹೋದ ಮೊದಲನೆಯದನ್ನು ಅಪ್ಪ ಎಸೆದಿರಲಿಲ್ಲ. ಗೌರಿಬಿದನೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ನಾನು ಒಂದು ಮಧ್ಯಾಹ್ನ ಎರಡರಿಂದಲೂ ಒಂದೊಂದು ತುಂಡು ನೂಲು ಬಿಡಿಸಿ, ಸ್ಪಿರಿಟ್ಟಿನಲ್ಲಿ ಅರಗು ತೊಳೆದು, ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಹುಳು ಯಾವಾಗಲೂ ಎರಡೆಳೆಯನ್ನು ಅಂಟಿನಲ್ಲಿ ಕೂಡಿಸಿ ಬಿಡುತ್ತದೆ. ಸ್ಪಿರಿಟ್ಟಿಗೆ ಆ ಅಂಟು ಕರಗುವುದಿಲ್ಲ, ಅದಕ್ಕೆ ಬಿಸಿ ನೀರೇ ಬೇಕು. ಮೊದಲನೇ ಕಾಯಿಲ್ಲಿನ ನೂಲಿನಲ್ಲಿ ಎಳೆಗಳು ಜೋಡಿಯಾಗಿ ಅಂಟಿಕೊಂಡಿದ್ದವು. ಎರಡನೆಯದರಲ್ಲಿ ಒಂದೊಂದೂ ಬೇರೆ ಬೇರೆ, ನುಣುಪಾಗಿ, ಹೊಳೆಯುತ್ತಾ. ಇದು ನೆನಪಲ್ಲ, ನೋಡಿದ್ದು. ಎರಡನೇ ಸಲ ಸುತ್ತುವ ಮೊದಲು ಆ ನೂಲನ್ನು ಯಾರೋ ಬೇಯಿಸಿ ಅಂಟು ಬಿಡಿಸಿದ್ದರು, ಅಪ್ಪನಿಗೆ ಹೇಳದೆ.

ನಮ್ಮ ಮನೆಯಲ್ಲಿ ಮಡಿಬಟ್ಟೆಯ ರೇಷ್ಮೆಯನ್ನು ಅಂಟುವಾಳಕಾಯಿ ಹಾಕಿ ಬೇಯಿಸುತ್ತಿದ್ದದ್ದು ಅಜ್ಜಿ. ಆದರೆ ಅವಳಿಗೆ ಆ ಕೋಣೆ ಬೇಕಾಗಿತ್ತಲ್ಲ? ಬೆರಳು ಕೊಯ್ದುಕೊಂಡಿದ್ದದ್ದು ಅಮ್ಮ. ಎರಡನ್ನೂ ಬದಲಾಯಿಸಿ ಎಂದು ಹೇಳಿ ಬೇಡ ಅನ್ನಿಸಿಕೊಂಡವಳೂ ಅವಳೇ. ಬಚ್ಚಲೊಲೆಯ ಮೇಲೆ ಒಂದು ತಪ್ಪಲೆ, ಅದರಲ್ಲಿ ಉಕ್ಕುವ ಬಿಳಿ ನೊರೆ, ಅದನ್ನು ಕೋಲಿನಿಂದ ಒತ್ತುವ ಒಂದು ಕೈ ನನಗೆ ಕಾಣಿಸುತ್ತದೆ. ಅಜ್ಜ ಹೋದ ಮೇಲೆ ಅಜ್ಜಿ ಬಳೆ ತೊಡುತ್ತಿರಲಿಲ್ಲ, ಆದರೆ ಕೈಯಲ್ಲಿ ಬಳೆಯಿದೆಯೇ ಎಂದು ನೋಡಲು ಹೋದರೆ ಕೈ ಮಸುಕಾಗುತ್ತದೆ. ಆ ನೊರೆಯೂ ಸೂಕ್ಷ್ಮದರ್ಶಕದ ನಂತರ ನಾನು ಸೇರಿಸಿಕೊಂಡದ್ದಿರಬಹುದು. ಕಂಡದ್ದನ್ನು ಮಾತ್ರ ಹೇಳು ಎಂದು ಕಲಿಸಿದವನ ಮಗಳು ನಾನು. ಕೈ ಯಾರದೆಂದು ನನಗೆ ಕಂಡಿಲ್ಲ.

ಅಮ್ಮ ಈಗ ಚಿಕ್ಕಬಳ್ಳಾಪುರದಲ್ಲಿ ನನ್ನ ಜೊತೆಗಿದ್ದಾಳೆ. ಕಿವಿ ಚುರುಕಾಗಿದೆ, ನಾಲಿಗೆ ಅದಕ್ಕಿಂತ ಚುರುಕು. ಮೊನ್ನೆ ಸಂಜೆ ಅವಳು ಕಾಫಿಗೆ ರಸ್ಕ್ ಅದ್ದುತ್ತಿದ್ದಾಗ ಎರಡನೇ ಕಾಯಿಲ್ಲನ್ನು ತಂದು ಅವಳ ಮಡಿಲಲ್ಲಿಟ್ಟೆ. ಅರಗು ಎದ್ದುಹೋದ ಮೂಲೆಯಲ್ಲಿ ಇಣುಕುತ್ತಿದ್ದ ನೂಲನ್ನು ಅವಳು ಹೆಬ್ಬೆರಳಿನಿಂದ ಸವರಿದಳು. "ಬೇಕರಿ ಮಾಮು ಕೈ ಚೆನ್ನಾಗಿತ್ತು," ಎಂದಳು. ಅಪ್ಪನ ಮಾತಿನ ಧಾಟಿಯಲ್ಲೇ, ಅವನು ನಿಲ್ಲಿಸುತ್ತಿದ್ದ ಕಡೆಯೇ ನಿಲ್ಲಿಸಿ. ಹೆಬ್ಬೆರಳು ಮಾತ್ರ ಆ ನೂಲನ್ನು ಬಿಟ್ಟಿರಲಿಲ್ಲ. ನಾನು ಅವಳ ಪಕ್ಕದಲ್ಲಿ ಕೂತೆ.

"ಅಮ್ಮ, ಇದನ್ನ ಬೇಯಿಸಿದ್ದು ನೀನಾ, ಅಜ್ಜೀನಾ?"